ಕೆಸರಿನ ಬಾವಿಯೂ ಹಳೇ ಬಟ್ಟೆಯ ಚೂರುಗಳೂ

(ಯೆರೆಮೀಯ 38:1–13, ಇಬ್ರಿಯರಿಗೆ 13:3)



ಪ್ರವಾದಿಯಾದ ಯೆರೆಮೀಯನು ಬಾವಿಯೊಳಗೆ ಇಳಿಸಲ್ಪಟ್ಟ ಸಂಗತಿಯನ್ನು ನೀವೆಲ್ಲರೂ ಕೇಳಿದ್ದೀರಿ. ಅವನ ಮೇಲೆ ಹೊರಿಸಲ್ಪಟ್ಟ ಅಪರಾಧವು ಯಾವದು? ಅವನು ಕದ್ದನೆಂದಲ್ಲ, ಕೊಂದನೆಂದಲ್ಲ. ಯುದ್ಧಭಟರ ಕೈಗಳನ್ನು ಬಲಹೀನ ಮಾಡುತ್ತಾನೆ, ಈ ಜನರ ಕ್ಷೇಮವನ್ನು ಬಯಸುವದಿಲ್ಲ ಎಂಬದೇ. ಆ ಬಾವಿಯಲ್ಲಿ ನೀರಿರಲಿಲ್ಲ, ಕೆಸರೇ ಇತ್ತು. ಮಳೆಗಾಲದಲ್ಲಿ ಗದ್ದೆಗಿಳಿದು ನಾಟಿ ಮಾಡುವ ನಮಗೆ ಕೆಸರು ಕಾಲನ್ನು ಹಿಡಿಯುವ ಬಗೆ ತಿಳಿದದೆ. ಯೆರೂಸಲೇಮಿನ ಜನರೆಲ್ಲರೂ ಸುಮ್ಮನಿರುವಾಗ, ಅರಮನೆಯ ಸೇವಕನೂ ಕೂಷ್ ದೇಶದವನೂ ಆದ ಎಬೆದ್ಮೆಲೆಕನೊಬ್ಬನೇ ಎದ್ದನು. ಅವನು ಅರಸನ ಅಪ್ಪಣೆಯನ್ನು ಪಡೆದು, 30 ಜನರನ್ನು ಕರಕೊಂಡು, ಬೊಕ್ಕಸದ ಕೆಳಗಿನ ಕೋಣೆಯಿಂದ ಹರಕು ಬಟ್ಟೆಗಳನ್ನು ತಂದು, ಹಗ್ಗವು ಒತ್ತದ ಹಾಗೆ ಇವುಗಳನ್ನು ಕಂಕುಳಿಗೆ ಇಟ್ಟುಕೋ ಎಂದು ಪ್ರವಾದಿಗೆ ಹೇಳಿದನು.

ಹಗ್ಗವೊಂದೇ ಸಾಕಾಗಿತ್ತಲ್ಲಾ! ಹರಕು ಬಟ್ಟೆಯ ಸಂಗತಿಯು ಪವಿತ್ರ ಗ್ರಂಥದಲ್ಲಿ ಯಾತಕ್ಕೆ ಬರೆಯಲ್ಪಟ್ಟಿತು? ಸೆರೆಯಲ್ಲಿರುವವನಿಗೆ ಶರೀರವೊಂದುಂಟು, ಅದಕ್ಕೆ ನೋವುಂಟು ಎಂಬದನ್ನು ದೇವರು ಮರೆಯುವದಿಲ್ಲ. ನಾವೂ ಮರೆಯಬಾರದು ಎಂದು ಕಲಿಸುವದಕ್ಕಾಗಿಯೇ ಎಂದು ನನಗೆ ತೋರುತ್ತದೆ.

ನಮ್ಮ ಕಾಲದ ಒಂದು ದೃಷ್ಟಾಂತವನ್ನು ಕೇಳಿರಿ. ಸ್ಟ್ಯಾನ್ ಸ್ವಾಮಿ ಎಂಬ ಯೇಸುಸಭೆಯ ಪಾದ್ರಿಯವರು 1937ರಲ್ಲಿ ತಿರುಚಿನಾಪಳ್ಳಿಯ ಸೀಮೆಯಲ್ಲಿ ಹುಟ್ಟಿದರು. 1975ರಿಂದ 1986ರ ವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಆಮೇಲೆ ಝಾರ್ಖಂಡಿಗೆ ಹೋಗಿ, ಅಲ್ಲಿನ ಆದಿವಾಸಿಗಳ ಭೂಮಿಯ ಹಕ್ಕಿಗಾಗಿಯೂ, ವಿಚಾರಣೆಯಿಲ್ಲದೆ ಸೆರೆಮನೆಗಳಲ್ಲಿ ಕೊಳೆಯುತ್ತಿದ್ದ ಯೌವನಸ್ಥರಿಗಾಗಿಯೂ ಪ್ರಯಾಸಪಟ್ಟರು. 2020ನೇ ಅಕ್ಟೋಬರ್ 8ರಲ್ಲಿ, 83ನೇ ವಯಸ್ಸಿನಲ್ಲಿ, ಭೀಮಾ ಕೋರೆಗಾಂವ್ ಮೊಕದ್ದಮೆಗಾಗಿ ರಾಷ್ಟ್ರೀಯ ತನಿಖಾ ದಳದವರು ಅವರನ್ನು ರಾಂಚಿಯಲ್ಲಿ ಹಿಡಿದು, ಮುಂಬಯಿಯ ಬಳಿಯ ತಲೋಜಾ ಸೆರೆಮನೆಗೆ ಸೇರಿಸಿದರು. ಮಾವೋವಾದಿಗಳೊಂದಿಗೆ ಸಂಬಂಧವುಂಟೆಂಬ ಆಪಾದನೆಯನ್ನು ಅವರು ಅಲ್ಲಗಳೆದರು.

ಪಾರ್ಕಿನ್ಸನ್ ರೋಗದಿಂದ ಅವರ ಕೈಗಳು ನಡುಗುತ್ತಿದ್ದವು. ಲೋಟವನ್ನು ಹಿಡಿಯಲಾರದೆ, ನೀರು ಕುಡಿಯುವದಕ್ಕೆ ಒಂದು ಕೊಳವೆಯನ್ನೂ ಸಿಪ್ಪರ್ ಎಂಬ ಮುಚ್ಚಳದ ಬಟ್ಟಲನ್ನೂ ಬೇಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಉತ್ತರ ಕೊಡುವದಕ್ಕೆ ತನಿಖಾ ದಳದವರು 20 ದಿನಗಳ ಅವಕಾಶವನ್ನು ಕೇಳಿದರು. ಈ ವರ್ತಮಾನವನ್ನು ಕೇಳಿದ ಅನೇಕರು ದೇಶದ ನಾನಾ ಕಡೆಗಳಿಂದ ಅಂಥ ಬಟ್ಟಲುಗಳನ್ನು ಕಳುಹಿಸತೊಡಗಿದರು. ಸೆರೆಯೊಳಗೆ ಜೊತೆಯ ಕೈದಿಗಳೇ ಅವರಿಗೆ ಉಣ್ಣಲಿಕ್ಕೂ ಸ್ನಾನಮಾಡಲಿಕ್ಕೂ ಸಹಾಯ ಮಾಡಿದರು. ಇವೇ ಎಬೆದ್ಮೆಲೆಕನ ಬಟ್ಟೆಯ ಚೂರುಗಳು. ಆದರೆ ಹಗ್ಗವು ಬರಲಿಲ್ಲ. ಜಾಮೀನು ದೊರೆಯಲಿಲ್ಲ; 2021ನೇ ಜುಲೈ 5ರಲ್ಲಿ, ವಿಚಾರಣೆಯು ಆರಂಭವಾಗುವದಕ್ಕೆ ಮುಂಚೆ, ಅವರು ಮುಂಬಯಿಯ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ಸೆರೆಯಾಳಾಗಿಯೇ ತೀರಿಕೊಂಡರು.

ಅವರು ರೋಮನ್ ಸಭೆಯವರು, ನಮ್ಮವರಲ್ಲವಲ್ಲಾ ಎಂದು ಯಾರಾದರೂ ಹೇಳುವಿರೋ? ಎಬೆದ್ಮೆಲೆಕನೂ ಇಸ್ರಾಯೇಲ್ಯನಲ್ಲ. ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಪೌಲನು ಕಲಿಸಲಿಲ್ಲವೋ ಎಂದು ಕೇಳುವಿರೋ? ಕಲಿಸಿದ್ದಾನೆ, ನಿಜ. ಎಬೆದ್ಮೆಲೆಕನು ಇರುಳಲ್ಲಿ ಗೋಡೆ ಹಾರಲಿಲ್ಲ. ಹಾಡುಹಗಲಲ್ಲಿ ಬೆನ್ಯಾಮೀನನ ಬಾಗಿಲಲ್ಲಿ ಕೂತಿದ್ದ ಅರಸನ ಮುಂದೆಯೇ ನಿಂತು, ಇದು ಅನ್ಯಾಯವೆಂದು ಬಿನ್ನಹ ಮಾಡಿದನು. ಬಿನ್ನಹವು ದ್ರೋಹವಲ್ಲ. ಅಪರಾಧಿಯೋ ನಿರಪರಾಧಿಯೋ ತಿಳಿಯದೆ ಹೇಗೆ ಹೋಗೋಣ ಎನ್ನುವಿರೋ? ಅದನ್ನು ತೀರಿಸುವದು ನ್ಯಾಯಾಧಿಪತಿಯ ಕೆಲಸ. ತಾನು ಸೆರೆಯಲ್ಲಿದ್ದಾಗ ನೋಡಲು ಬಂದವರನ್ನು ಕರ್ತನು ತನ್ನ ಬಲಗಡೆಗೆ ಕರೆಯುವಾಗ (ಮತ್ತಾಯ 25), ಆ ಸೆರೆಯಾಳು ತಪ್ಪಿಲ್ಲದವನಾಗಿರಬೇಕೆಂಬ ನಿಬಂಧನೆಯನ್ನು ಸೇರಿಸಲಿಲ್ಲ.

ಇದು ದೂರದ ಸಂಗತಿಯೆಂದು ಎಣಿಸಬೇಡಿರಿ. ಯೆರೆಮೀಯನು ಅತ್ತ ಆ ಪಾಲೆಸ್ತೀನ ದೇಶದಲ್ಲಿ ಈ ಹೊತ್ತಿಗೂ, ತಮ್ಮ ಜನರ ಹೊಲಮನೆಗಳಿಗಾಗಿ ಮಾತಾಡಿದವರು ವಿಚಾರಣೆಯಿಲ್ಲದೆ ಸೆರೆಯಲ್ಲಿಡಲ್ಪಡುವದುಂಟು. ನಮ್ಮ ಕೊಡಗಿನಲ್ಲಿಯೇ 2016ನೇ ಡಿಸೆಂಬರಿನಲ್ಲಿ ಸಿದ್ದಾಪುರದ ಬಳಿಯ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳು ಕೆಡವಲ್ಪಟ್ಟವು. ತೋಟದ ಲೈನ್ ಮನೆಗಳನ್ನು ಬಿಟ್ಟು ಬಂದು, ತಮ್ಮದೆನ್ನುವ ಒಂದು ತುಂಡು ನೆಲವನ್ನು ಹುಡುಕಿದವರು ಅವರು. ಮೋಗ್ಲಿಂಗ್ ಅಯ್ಯನವರು 1850ರ ದಶಕದಲ್ಲಿ ಅಮ್ಮತ್ತಿಯ ಬಳಿ ಆನಂದಪುರವನ್ನು ಕಟ್ಟಿದ್ದು ನೆಲವಿಲ್ಲದೆ ಜೀತದಲ್ಲಿದ್ದ ನಮ್ಮ ಹಿರಿಯರಿಗಾಗಿಯೇ ಅಲ್ಲವೋ? ನೆಲವಿಲ್ಲದವರ ಪಕ್ಷದಲ್ಲಿ ಒಬ್ಬನು ನಿಂತದ್ದರಿಂದ ಹುಟ್ಟಿದ ಸಭೆಯು, ಅಂಥವರ ಪಕ್ಷದಲ್ಲಿ ನಿಂತು ಸೆರೆಗೆ ಹೋದವರನ್ನು ಅರಿಯೆವೆನ್ನಬಹುದೋ?

ಈಗ ನನ್ನ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾನು ಉಪದೇಶಿಯಾಗಿದ್ದ ಒಂದು ಗ್ರಾಮದಲ್ಲಿ, ತೋಟದ ಕೂಲಿಯ ಬಾಕಿಯನ್ನು ಎಲ್ಲರ ಪರವಾಗಿ ಕೇಳಿದ ಯೌವನಸ್ಥನೊಬ್ಬನ ಮೇಲೆ ಕರಿಮೆಣಸು ಕದ್ದನೆಂಬ ದೂರು ಬಿದ್ದು, ಅವನು ಸೆರೆಗೆ ಹೋದನು. ಸಭೆಯವರು ಕೆಲಸ ಹೋದೀತೆಂದು ಹೆದರಿದರು. ನಾನು ಸಭೆಯವರಿಗಿಂತ ಹೆಚ್ಚಾಗಿ ಹೆದರಿದೆನು. ಆ ಭಾನುವಾರ ಕಷ್ಟದಲ್ಲಿರುವವರೆಲ್ಲರಿಗಾಗಿ ಎಂದು ಪ್ರಾರ್ಥಿಸಿ ಮುಗಿಸಿದೆನು. ಅವನ ತಾಯಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ವಾರ ವಾರವೂ ಬುತ್ತಿ ಕಟ್ಟಿಕೊಂಡು ಒಬ್ಬಳೇ ಬಸ್ಸು ಹತ್ತಿ ಹೋಗುತ್ತಿದ್ದಳು. ಅವನು ಬಿಡುಗಡೆಯಾಗಿ ಬಂದ ಮೇಲೆ ಆಕೆ ನನ್ನನ್ನು ಕಂಡು, “ಉಪದೇಶಿಗಳೇ, ಮತ್ತೇನೂ ಬೇಡವಾಗಿತ್ತು, ಪ್ರಾರ್ಥನೆಯಲ್ಲಿ ನನ್ನ ಮಗನ ಹೆಸರನ್ನಾದರೂ ಹೇಳಬಹುದಾಗಿತ್ತು” ಎಂದಳು. ಅವನು ಆಮೇಲೆ ದೇವಾಲಯಕ್ಕೆ ಬರಲಿಲ್ಲ. ಆ ಹರಕು ಬಟ್ಟೆಯಷ್ಟನ್ನೂ ನಾನು ಕೊಡದೆ ಹೋದೆನು.

ಆದಕಾರಣ ಪ್ರಿಯರೇ, ನಾವು ಮಾಡಬೇಕಾದದ್ದೇನು? ಮೊದಲನೇದಾಗಿ, ಪೇತ್ರನಿಗಾಗಿ ಸಭೆಯು ಎಡೆಬಿಡದೆ ಪ್ರಾರ್ಥಿಸಿದ ಹಾಗೆ (ಅ. ಕೃತ್ಯಗಳು 12), ಸೆರೆಯಲ್ಲಿರುವವರ ಹೆಸರು ಹಿಡಿದು ಪ್ರಾರ್ಥಿಸೋಣ. ಎರಡನೇದಾಗಿ, ರೋಮಾಪುರದಲ್ಲಿ ಪೌಲನ ಬೇಡಿಗಳಿಗೆ ನಾಚದೆ ಅವನನ್ನು ಹುಡುಕಿ ಕಂಡ ಒನೇಸಿಫೊರನ ಹಾಗೆ, ನಮ್ಮಲ್ಲಿ ಒಬ್ಬನು ಹಿಡಿಯಲ್ಪಟ್ಟರೆ ಆ ದಿನವೇ ಇಬ್ಬರಾದರೂ ಠಾಣೆಗೆ ಹೋಗಿ ವಿಚಾರಿಸೋಣ. ಹಿಡಿಯಲ್ಪಟ್ಟವನನ್ನು 24 ತಾಸುಗಳೊಳಗೆ, ಪ್ರಯಾಣದ ಹೊತ್ತನ್ನು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿಯು ಹೇಳುತ್ತದೆ. ಮೂರನೇದಾಗಿ, ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಕಟ್ಟಿ ಕೂರಬೇಡಿರಿ. 1987ರ ಕಾಯಿದೆಯ ಪ್ರಕಾರ ಸೆರೆಯಲ್ಲಿರುವವರಿಗೂ, ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ ಧರ್ಮಾರ್ಥವಾಗಿ ಕಾನೂನಿನ ಸಹಾಯವುಂಟು. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು. ನಾಲ್ಕನೇದಾಗಿ, ಜಾಮೀನಿಗೆ ನಿಲ್ಲುವವರನ್ನು ಹುಡುಕೋಣ. 2022ರ ಕೊನೆಯಲ್ಲಿ ಇಂಡಿಯಾದ ಸೆರೆಮನೆಗಳಲ್ಲಿದ್ದ 100 ಜನರಲ್ಲಿ ಸುಮಾರು 75 ಜನರು ತೀರ್ಪು ಹೊಂದದವರೇ. ಅವರೊಳಗೆ ಜಾಮೀನು ಸಿಕ್ಕಿಯೂ ಹೊಣೆಯಾಗುವವರಿಲ್ಲದೆ ಉಳಿದ ಬಡವರುಂಟು. ಐದನೇದಾಗಿ, ಮನೆಯಲ್ಲಿ ಉಳಿದ ಹೆಂಡತಿ ಮಕ್ಕಳಿಗೆ ಹಿಡಿ ಅಕ್ಕಿಯನ್ನು ಕೂಡಿಸಿ ಕೊಡೋಣ.

ಎಬೆದ್ಮೆಲೆಕನು ಒಬ್ಬನೇ ಬಿನ್ನಹ ಮಾಡಿದನು, ಆದರೆ ಒಬ್ಬನೇ ಹಗ್ಗವನ್ನು ಎಳೆಯಲಿಲ್ಲ. ಯೆರೂಸಲೇಮು ಬಿದ್ದಾಗ ಅವನ ಪ್ರಾಣವನ್ನು ಉಳಿಸುವೆನೆಂದು ದೇವರು ವಾಗ್ದಾನ ಮಾಡಿದನು. ಆ 30 ಜನರ ಹೆಸರುಗಳಾದರೋ ಎಲ್ಲಿಯೂ ಬರೆಯಲ್ಪಟ್ಟಿಲ್ಲ. ಹಗ್ಗವನ್ನು ಹಿಡಿದ ಕೈಗಳನ್ನು ಕರ್ತನು ಬಲ್ಲನು. ನಮಗಾಗಿ ಬಂಧಿಸಲ್ಪಟ್ಟವನಾದ ಯೇಸುಸ್ವಾಮಿಯು ನಮ್ಮ ಹೆದರಿಕೆಯನ್ನು ತೆಗೆದುಹಾಕಿ, ನಮ್ಮನ್ನೂ ಅವರೊಂದಿಗೆ ಎಣಿಸಲಿ. ಆಮೆನ್.