ಎಡಗೈಯ ಅಕ್ಷರ

ಕೊಪ್ಪಳ ಜಿಲ್ಲೆಯ ಕಿನ್ನಾಳವು ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿನ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ, ಜೋಡಿಸಿ, ಬಣ್ಣ ತುಂಬುತ್ತಾರೆ. ಗೊಂಬೆ ಕೊಳ್ಳುವವರು ಅದರ ಅಂದವನ್ನು ನೋಡುತ್ತಾರೆಯೇ ಹೊರತು, ಕುಂಚ ಯಾವ ಕೈಯಲ್ಲಿತ್ತೆಂದು ಕೇಳುವುದಿಲ್ಲ. ಆದರೆ ಒಂದನೆಯ ತರಗತಿಯ ಮಗು ಎಡಗೈಯಲ್ಲಿ ಬಳಪ ಹಿಡಿದರೆ, ಬರೆದ ಅಕ್ಷರಕ್ಕಿಂತ ಮೊದಲು ನಮ್ಮ ಕಣ್ಣು ಅದರ ಕೈಯ ಮೇಲೆ ಬೀಳುತ್ತದೆ.

ಉಣ್ಣುವುದು, ಕೊಡುವುದು, ಕೊಳ್ಳುವುದು ಎಲ್ಲವೂ ಬಲಗೈಯಿಂದಲೇ ಎಂಬುದು ನಮ್ಮ ರೂಢಿ. ನಾಲ್ಕು ಜನರ ನಡುವೆ ಮೊಮ್ಮಗು ನಗೆಪಾಟಲಾಗಬಾರದೆಂಬ ಅಜ್ಜಿಯ ಚಿಂತೆಯಲ್ಲಿ ಪ್ರೀತಿಯೇ ಇದೆ, ಅದನ್ನು ಹೀಗಳೆಯಲಾಗದು. ಆದರೆ ಪಂಕ್ತಿಯ ಮರ್ಯಾದೆ ಬೇರೆ, ಪಾಟಿಯ ಬರಹ ಬೇರೆ. ಮೊದಲನೆಯದು ಪರರೊಡನೆ ಬಾಳುವ ರೀತಿ. ಎರಡನೆಯದು ಮಗುವಿನ ಮನಸ್ಸು ಹೊರಬರುವ ದಾರಿ. ಆ ದಾರಿಯನ್ನು ಮುಚ್ಚಿ, ಮಗು ಮಂದಬುದ್ಧಿಯದೆಂದು ದೂರುವುದು ನ್ಯಾಯವೇ?

ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವು ನೂರಕ್ಕೆ ಸುಮಾರು 10.6 ಮಂದಿ ಎಡಗೈಯವರೆಂದು ತೋರಿಸಿತು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಎಡಗೈಯವರಿಗೂ ಬಲಗೈಯವರಿಗೂ ಇರುವ ಅಂತರ ಗಣನೆಗೆ ಬಾರದಷ್ಟು ಅಲ್ಪವೆಂದು 2018ರ ಇನ್ನೊಂದು ಅಧ್ಯಯನ ತಿಳಿಸಿತು. ಹಾಗಿದ್ದರೂ ಇಂಥ ಕೆಲವು ಮಕ್ಕಳ ಬರವಣಿಗೆ ನಿಧಾನವಾಗಿರಲು ಕಾರಣಗಳಿವೆ. ಕನ್ನಡವನ್ನು ಎಡದಿಂದ ಬಲಕ್ಕೆ ಬರೆಯುತ್ತೇವೆ. ಎಡಗೈ ಮುಂದೆ ಸರಿದಂತೆ ಬರೆದದ್ದು ಮರೆಯಾಗುತ್ತದೆ, ಪಾಟಿಯಾದರೆ ಅಳಿಸಿಯೂ ಹೋಗುತ್ತದೆ. ಒತ್ತಾಗಿ ಕುಳಿತ ಬೆಂಚಿನಲ್ಲಿ ಪಕ್ಕದವರ ಮೊಣಕೈ ತಾಗುತ್ತದೆ. ಇವು ಮಗುವಿನ ದೋಷಗಳಲ್ಲ. ಬೆಂಚಿನ ಎಡತುದಿಯಲ್ಲಿ ಕೂರಿಸಿ, ಪುಸ್ತಕವನ್ನು ಬಲಕ್ಕೆ ತುಸು ಓರೆಯಾಗಿರಿಸಿ, ಪೆನ್ಸಿಲನ್ನು ಮೊನೆಯಿಂದ ಸ್ವಲ್ಪ ಮೇಲೆ ಹಿಡಿಯಲು ಕಲಿಸಿದರೆ ತೊಂದರೆ ಬಹುಪಾಲು ಕಡಿಮೆಯಾಗುತ್ತದೆ. ಇದಕ್ಕೆ ಹಣ ಬೇಕಿಲ್ಲ, ಗಮನ ಬೇಕು. ಇನ್ನು ಬೆರಳಿಗೆ ಹೊಡೆದು, ಹೀಯಾಳಿಸಿ ಕೈ ಬದಲಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ಒಪ್ಪುವುದಿಲ್ಲ. ಅದರ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಅಂತಿಮ ತೀರ್ಪಿನ ಸಾಮತಿಯಲ್ಲಿ ಆಡುಗಳು ಎಡಗಡೆ ನಿಲ್ಲುವುದನ್ನು ಓದಿ ಎಡವೆಂದರೆ ಕೇಡೆಂದು ತಿಳಿಯುವವರುಂಟು. ಆದರೆ ಅಲ್ಲಿ ಕೇಳಲಾಗುವುದು ಹಸಿದವನಿಗೆ ಉಣಿಸಿದಿರಾ ಎಂದು. ಯಾವ ಕೈಯಿಂದ ಉಣಿಸಿದಿರೆಂದು ಅಲ್ಲ. ನ್ಯಾಯಸ್ಥಾಪಕರ ಗ್ರಂಥದಲ್ಲಿ ಇಸ್ರಯೇಲರನ್ನು ಬಿಡುಗಡೆ ಮಾಡಿದ ಏಹೂದನು ಎಡಗೈಯವನೇ ಆಗಿದ್ದನು.

ಮುಂದಿನ ಜೂನ್ ತಿಂಗಳಲ್ಲಿ ಮಗುವನ್ನು ಶಾಲೆಗೆ ಕರೆದೊಯ್ಯುವ ತಂದೆತಾಯಿಯರು ಗುರುಗಳಲ್ಲಿ ಒಂದು ಮಾತು ಹೇಳಲಿ: "ನಮ್ಮ ಮಗು ಎಡಗೈಯಲ್ಲಿ ಬರೆಯುತ್ತದೆ, ದಯವಿಟ್ಟು ಬೆಂಚಿನ ಎಡತುದಿಯಲ್ಲಿ ಕೂರಿಸಿ." ಇದನ್ನು ನಾಚಿಕೆಯಿಲ್ಲದೆ, ಮಗುವಿನ ಎದುರಿನಲ್ಲೇ ಹೇಳಲಿ. ತನ್ನ ಕೈ ತಪ್ಪಲ್ಲವೆಂದು ಮಗು ಅಲ್ಲಿ ಕಲಿಯುತ್ತದೆ.