ಇನ್ನೊಬ್ಬನ ಕಷ್ಟಕ್ಕೆ ಬೆಲೆ ಕಟ್ಟಬಹುದೇ?

2016ರ ಮಳೆಗಾಲ. ಯಸಳೂರು ಸೀಮೆಯ ಸಣ್ಣ ಬೆಳೆಗಾರರೊಬ್ಬರಿಗೆ ಎದೆನೋವು ಬಂದು, ದೂರದ ಒಂದು ಆಸ್ಪತ್ರೆಗೆ ಸೇರಿಸಿದರು. ನಾನೂ ಜೊತೆಗಿದ್ದೆ. ರಕ್ತನಾಳ ಮುಚ್ಚಿದೆ, ಸ್ಟೆಂಟ್ ಹಾಕಬೇಕು ಎಂದರು. ಸ್ಟೆಂಟ್ ಎಂದರೆ ನಾಳವನ್ನು ತೆರೆದಿಡುವ, ಬಲೆಯಂಥ ಪುಟ್ಟ ಕೊಳವೆ. 'ಮೂರು ಬೆಲೆಯದ್ದಿದೆ, ಯಾವುದು ಹಾಕೋಣ?' ಎಂದು ಮಗನನ್ನು ಕೇಳಿದರು. ಹುಡುಗ ನನ್ನ ಮುಖ ನೋಡಿದ. 'ಫಾದರ್, ನೀವೇ ಹೇಳಿ.' ತತ್ವಶಾಸ್ತ್ರ ಓದಿದವನಿಗೆ ಸ್ಟೆಂಟಿನ ವಿಷಯ ಏನು ಗೊತ್ತು? 'ಒಳ್ಳೆಯದನ್ನೇ ಹಾಕಿಸಪ್ಪಾ' ಎಂದುಬಿಟ್ಟೆ. ಸ್ಟೆಂಟಿಗೇ ಲಕ್ಷ ದಾಟಿತು. ಬಳ್ಳಿಯಲ್ಲಿ ಇನ್ನೂ ಬಲಿಯದ ಮೆಣಸನ್ನು ವ್ಯಾಪಾರಿಯೊಬ್ಬರಿಗೆ ಕಡಿಮೆ ದರಕ್ಕೆ ಬರೆದುಕೊಟ್ಟು ಹಣ ಹೊಂದಿಸಿದರು.

ಕೆಲವೇ ತಿಂಗಳ ಬಳಿಕ, 2017ರ ಫೆಬ್ರವರಿಯಲ್ಲಿ, ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ತೆರಿಗೆ ಬಿಟ್ಟು, ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧಿ ಲೇಪಿಸಿದ್ದಕ್ಕೆ 29,600. ತಯಾರಕರಿಂದ ವಿತರಕರಿಗೆ, ಅಲ್ಲಿಂದ ಆಸ್ಪತ್ರೆಗೆ ಕೈ ದಾಟುವಾಗಲೆಲ್ಲ ಬೆಲೆ ಮಿತಿಮೀರಿ ಏರುತ್ತಿದ್ದುದನ್ನು ಅದು ಕಂಡುಕೊಂಡಿತ್ತು. ಅದೇ ಆಗಸ್ಟಿನಲ್ಲಿ ಮೊಣಕಾಲಿನ ಕೃತಕ ಕೀಲಿಗೂ ಮಿತಿ ಬಂತು.

ವ್ಯಾಪಾರಕ್ಕೆ ಸರ್ಕಾರ ಏಕೆ ಕೈ ಹಾಕಬೇಕು, ಕೊಳ್ಳುವವನೇ ಒಪ್ಪಿ ಕೊಟ್ಟನಲ್ಲ ಎನ್ನುವವರಿದ್ದಾರೆ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ವಿಶೇಷ ನಷ್ಟವಾದರೆ ಅದನ್ನು ಬೆಲೆಗೆ ಸೇರಿಸಬಹುದು. ಆದರೆ ಕೊಳ್ಳುವವನಿಗೆ ಅದರ ಅಗತ್ಯ ಹೆಚ್ಚು ಎಂಬ ಕಾರಣಕ್ಕೆ ಬೆಲೆ ಏರಿಸುವಂತಿಲ್ಲ. ಏಕೆಂದರೆ ಆ ಅಗತ್ಯ ಮಾರುವವನದ್ದಲ್ಲ. ತನ್ನದಲ್ಲದ್ದನ್ನು ಅವನು ಮಾರುವುದು ಹೇಗೆ? ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಅರ್ಥವಾದದ್ದು ಆ ಆಸ್ಪತ್ರೆಯ ಬಿಲ್ಲು ಕಟ್ಟುವ ಕಿಟಕಿಯ ಮುಂದೆ.

ಅದೇ ಸಂತರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ಯೋಗ್ಯತೆಗಿಂತ ಹೆಚ್ಚಿಗೆ ಮಾರುವುದು ಹೇಗೆ ಅನ್ಯಾಯವೋ, ಕಡಿಮೆಗೆ ಕೊಳ್ಳುವುದೂ ಹಾಗೆಯೇ ಅನ್ಯಾಯ. ಇದು ಸರ್ಕಾರಕ್ಕೂ ಸಲ್ಲುತ್ತದೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಸ್ಪತ್ರೆಗೆ ಸಿಗುವುದು ತಾನು ಬರೆದ ಬಿಲ್ಲಿನ ಮೊತ್ತವಲ್ಲ, ಆ ಚಿಕಿತ್ಸೆಗೆ ಮೊದಲೇ ನಿಗದಿಯಾದ ದರ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಉಳಿದವರಿಗೆ ಆ ದರದ ಶೇಕಡ 30 ಮಾತ್ರ. ಆ ದರ ನಿಜವಾದ ಖರ್ಚಿಗಿಂತ ಕೆಳಗಿದ್ದರೆ ಅಥವಾ ಹಣ ತಡವಾದರೆ, ಆಸ್ಪತ್ರೆ ಯೋಜನೆಯಿಂದ ದೂರ ಸರಿಯುತ್ತದೆ. ಬಾಗಿಲಲ್ಲಿ ನಿಲ್ಲುವವನು ಮತ್ತೆ ರೋಗಿಯೇ. ಕಾಫಿ ಮಂಡಳಿಯ ಪೂಲಿಗೆ ಕಾಫಿ ಕೊಟ್ಟು, ಕಂತುಕಂತಿನ ಹಣಕ್ಕೆ ಕಾದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ದರ ಕಟ್ಟುವವರು ಲೆಕ್ಕವನ್ನು ಆಗಾಗ ತಿದ್ದಬೇಕು; ಸ್ಟೆಂಟಿನ ಬೆಲೆಯನ್ನೂ 2018ರಲ್ಲಿ ಪರಿಷ್ಕರಿಸಿದರು.

ಆ ಬೆಳೆಗಾರರು ಗುಣವಾಗಿ ಮನೆಗೆ ಬಂದರು. ಮೆಣಸು ಕೊಯ್ಲಿನ ಹೊತ್ತಿಗೆ ವ್ಯಾಪಾರಿ ಚೀಲ ತುಂಬಿಸಿಕೊಂಡು ಹೋದರು. ಅವರೂ ನಮ್ಮ ಧರ್ಮಕೇಂದ್ರದವರೇ. ಆಸ್ಪತ್ರೆಯವರ ದುರಾಸೆಯ ಬಗ್ಗೆ ನಾನು ಒಂದು ಭಾನುವಾರ ಪ್ರಸಂಗ ಮಾಡಿದಾಗ ಮುಂದಿನ ಬೆಂಚಿನಲ್ಲಿ ಕುಳಿತು ತಲೆದೂಗಿದ್ದರು. ಮೆಣಸಿನ ಮಾತನ್ನು ನಾನು ಅಂದು ಎತ್ತಲಿಲ್ಲ.