ಏಳನೇ ಕ್ಲಾಸಿನ ಒಂದು ಟಿಕ್ ಮಾರ್ಕ್

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಅಕ್ಕ ಲ್ಯಾಪ್‌ಟಾಪ್ ಮುಂದೆ ಕೂತು ಒಂದೇ ಸಮ ನಿಟ್ಟುಸಿರು ಬಿಡುತ್ತಿದ್ದಳು. ನಮ್ಮದು ಹೊಳಲ್ಕೆರೆ ಕಡೆಯ ಊರು, ಅಕ್ಕನನ್ನು ಕೊಟ್ಟಿದ್ದು ಹೊಸದುರ್ಗಕ್ಕೆ, ಅವಳ ಕೆಲಸ ಹಿರಿಯೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ. ಏಳನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತಾಳೆ. ಪರದೆಯ ಮೇಲೆ 23 ಮಕ್ಕಳ ಹೆಸರು, ಎದುರಿಗೆ ಕಲಿಕಾ ಫಲಗಳ ಸಾಲು. ಒಂದೊಂದಕ್ಕೂ ‘ಸಾಧಿಸಿದೆ’ ಅಥವಾ ‘ಸಾಧಿಸಿಲ್ಲ’ ಅಂತ ತುಂಬಬೇಕು.

‘ಕೊಡಕ್ಕ ಇಲ್ಲಿ, ಒಂದು ಕಾಲಂ ತುಂಬಿ ಕೆಳಗೆ ಎಳೆದುಬಿಡ್ತೀನಿ. ಎರಡು ನಿಮಿಷದ ಕೆಲಸ’ ಅಂದೆ.

‘ಎಳೆಯೋದು ನಂಗೂ ಬರುತ್ತೆ ಕಣೋ. ಏನಂತ ಎಳೀಲಿ ಅನ್ನೋದೇ ಗೊತ್ತಾಗ್ತಿಲ್ಲ’ ಅಂದಳು.

ಅವಳು ಸಿಕ್ಕಿಕೊಂಡಿದ್ದ ಸಾಲು ಇಷ್ಟೇ: ದಿನನಿತ್ಯದ ಒಂದು ಸಂದರ್ಭವನ್ನು ಮಗು ಸರಳ ಸಮೀಕರಣವಾಗಿ ಬರೆದು ಬಿಡಿಸಬೇಕು. ಎನ್‌ಸಿಇಆರ್‌ಟಿ 2017ರಲ್ಲಿ ತರಗತಿವಾರು ಕಲಿಕಾ ಫಲಗಳನ್ನು ಹೊರತಂದಾಗ ಏಳನೇ ತರಗತಿಗೆ ಇಟ್ಟ ಗುರಿಗಳಲ್ಲಿ ಇದೂ ಒಂದು. ಓದಿದರೆ ಸುಲಭ ಅನ್ನಿಸುತ್ತೆ. ಆದರೆ ಆ ಒಂದು ವಾಕ್ಯದ ಕೆಳಗೆ ಆರು ವರ್ಷದ ಮೆಟ್ಟಿಲುಗಳಿವೆ. ಅಕ್ಕನ ಲೆಕ್ಕದಲ್ಲಿ 23ರಲ್ಲಿ ಒಂಬತ್ತು ಮಕ್ಕಳಿಗೆ ಅದು ಬರುತ್ತೆ. ಆರು ಮಕ್ಕಳಿಗೆ ದಶಕ ತೆಗೆದುಕೊಂಡು ಕಳೆಯುವುದೇ ಇನ್ನೂ ಸರಿಯಾಗಿ ಬರಲ್ಲ. ಉಳಿದ ಎಂಟು ಮಕ್ಕಳಿಗೆ ಕೂಡುವುದು, ಕಳೆಯುವುದು ಎಲ್ಲ ಬರುತ್ತೆ, ಆದರೆ ‘=’ ಚಿಹ್ನೆಯ ಹತ್ತಿರ ಬಂದು ನಿಂತುಬಿಡ್ತಾರೆ.

ಈ ಎಂಟು ಮಕ್ಕಳ ಕತೆ ಸ್ವಲ್ಪ ಹೇಳಬೇಕು. 8 + 4 = ▢ + 5 ಅಂತ ಕೊಟ್ಟರೆ ಅವರು ಖಾಲಿ ಜಾಗದಲ್ಲಿ 12 ಅಂತ ಬರೀತಾರೆ. ಒಬ್ಬಿಬ್ಬರು 17 ಅಂತಲೂ ಬರೀತಾರೆ. ಇದು ನಮ್ಮ ಬಯಲುಸೀಮೆಯ ಮಕ್ಕಳ ತಪ್ಪು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1990ರ ದಶಕದಲ್ಲಿ ಇದೇ ಪ್ರಶ್ನೆ ಕೊಟ್ಟಾಗ ಅಲ್ಲಿನ ಪ್ರಾಥಮಿಕ ಶಾಲೆಯ ಬಹುಪಾಲು ಮಕ್ಕಳೂ ಇದನ್ನೇ ಬರೆದಿದ್ದರು. ಒಂದನೇ ಕ್ಲಾಸಿಂದ ‘=’ ಅಂದರೆ ‘ಇಲ್ಲಿ ಉತ್ತರ ಬರಿ’ ಅಂತಲೇ ಮಗು ತಿಳಿದುಕೊಂಡಿರುತ್ತೆ. ಅದು ತಕ್ಕಡಿ, ಎರಡೂ ತಟ್ಟೆ ಸಮ ತೂಗಬೇಕು ಅನ್ನುವುದು ಹೊಳೆಯುವ ದಿನವೇ ಬೀಜಗಣಿತ ಶುರು. ಅಲ್ಲೀತನಕ ಎಷ್ಟು ಎಕ್ಸ್, ವೈ ಬರೆಸಿದರೂ ಅದು ಬರೀ ಕೈಬರಹ.

ನನಗೆ ಹೊಳೆದಿತ್ತಾ? ನಿಜ ಹೇಳಬೇಕೆಂದರೆ ಇಲ್ಲ. ನಾನು ಕಲಿತದ್ದು ‘ಪಕ್ಷಾಂತರ ಮಾಡಿದರೆ ಚಿಹ್ನೆ ಬದಲು’ ಅನ್ನುವ ಸೂತ್ರ. ನಮ್ಮ ರಾಜಕಾರಣ ಗೊತ್ತಿದ್ದವರಿಗೆ ಅದನ್ನು ಮರೆಯುವುದಕ್ಕೂ ಸಾಧ್ಯವಿಲ್ಲ. ಆ ಕಡೆ ಹೋದ ಪ್ಲಸ್ ಯಾಕೆ ಮೈನಸ್ ಆಗುತ್ತೆ ಅಂತ ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆಯುತ್ತಿದ್ದೇನೆ ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ. ಆದರೂ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ಒಳ್ಳೆ ಮಾರ್ಕ್ಸ್ ಬಂದಿತ್ತು. ನನ್ನ ಹೆಸರಿನ ಮುಂದೆಯೂ ಯಾರೋ ‘ಸಾಧಿಸಿದೆ’ ಅಂತ ಹಾಕಿದ್ದರು.

ಅಕ್ಕನಿಗೆ ನಿಜವಾಗಿ ಕಷ್ಟ ಕೊಟ್ಟದ್ದು ಒಂದು ಹುಡುಗಿ. ಆ ಊರಿನ ಮಕ್ಕಳಿಗೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಮನೆಮಾತು. ವೇದಾವತಿಗೆ ಕಟ್ಟಿದ ಆ ಅಣೆಕಟ್ಟು ಮುಗಿದಿದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷ ಆದಮೇಲೆ. ಆಗ ಊರಿಗೂರೇ ನೋಡೋಕೆ ಹೋಗಿತ್ತು. ಹಾಗಾಗಿ ಅಕ್ಕ ಲೆಕ್ಕವನ್ನೂ ಅಲ್ಲಿಂದಲೇ ತೆಗೆದಳು: ಡ್ಯಾಮ್ ತುಂಬಬೇಕಾದರೆ 130 ಅಡಿ ನೀರು ಬೇಕು. ಇವತ್ತು 118 ಅಡಿ ಇದೆ, ದಿನಕ್ಕೆ ಎರಡಡಿ ಏರುತ್ತೆ ಅಂದುಕೊಳ್ಳಿ. ಎಷ್ಟು ದಿನಕ್ಕೆ ಕೋಡಿ ಬೀಳುತ್ತೆ? 118 + 2ದಿ = 130. ಆರು ದಿನ.

ಹಿಂದಿನ ಬೆಂಚಿನ ಆ ಹುಡುಗಿ ಎದ್ದು ನಿಂತು ಕೇಳಿದಳಂತೆ: ‘ಮಿಸ್, ದಿನಾ ಎರಡಡಿನೇ ಏರುತ್ತೆ ಅಂತ ಯಾರು ಹೇಳಿದ್ದು? ಡ್ಯಾಮು ಮೇಲೆ ಹೋದಂಗೆ ಅಗಲ ಆಗುತ್ತಲ್ಲ?’

ಸರಿಯಾಗೇ ಕೇಳಿದ್ದಾಳೆ. ಕಣಿವೆ ಮೇಲಕ್ಕೆ ಹೋದಷ್ಟೂ ಅಗಲವಾಗುತ್ತೆ, ಅಷ್ಟೇ ನೀರು ಬಂದರೂ ಅಡಿ ಕಮ್ಮಿ ಏರುತ್ತೆ. ಸಮೀಕರಣ ಬಿಡಿಸಿದ ಒಂಬತ್ತು ಮಕ್ಕಳಲ್ಲಿ ಒಬ್ಬರಿಗೂ ಹೊಳೆಯದ ಮಾತು. ಆದರೆ ಇದೇ ಹುಡುಗಿ ಹಾಳೆಯ ಮೇಲೆ 130ರಲ್ಲಿ 118 ಕಳೆದು 28 ಅಂತ ಬರೆದಿದ್ದಳು.

‘ಈಗ ಹೇಳಪ್ಪ, ಇವಳಿಗೆ ಏನು ಹಾಕ್ಲಿ?’

ನಾನು ತಕ್ಷಣ ‘ಸಾಧಿಸಿದೆ ಅಂತ ಹಾಕು’ ಅಂದೆ. ಬೆಂಗಳೂರಿನ ನಮ್ಮಂಥವರಿಗೆ ಈ ಉತ್ತರ ಬಾಯಲ್ಲೇ ಇರುತ್ತೆ. ಬಾಯಿಪಾಠ ಕೆಟ್ಟದ್ದು, ಯೋಚನೆ ಮುಖ್ಯ, ಜೀವನವೇ ಪಾಠ ಅಂತೆಲ್ಲ ವೀಕೆಂಡಿನಲ್ಲಿ ಮಾತಾಡಿ ಅಭ್ಯಾಸ ನಮಗೆ. ಅಕ್ಕ ಒಪ್ಪಲಿಲ್ಲ. ‘ನಿನ್ ಮಗಳಾಗಿದ್ರೆ ಇಷ್ಟಕ್ಕೇ ಸುಮ್ನಿರ್ತಿದ್ದಾ? ಸಂಜೆಗೇ ಟ್ಯೂಷನ್‌ಗೆ ಸೇರಿಸ್ತಿದ್ದೆ’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಡವರ ಮಗುವಿಗೆ ‘ಜಾಣೆ’ ಅನ್ನುವ ಹೊಗಳಿಕೆ, ನಮ್ಮ ಮಗುವಿಗೆ ಕಳೆಯುವ ಲೆಕ್ಕ. ಇದು ಯಾವ ನ್ಯಾಯ?

ಅಮೆರಿಕದ ಬಾಬ್ ಮೋಸೆಸ್ ಇದನ್ನು ನಮಗಿಂತ ಮುಂಚೆಯೇ ಕಂಡಿದ್ದರು. 1960ರ ದಶಕದಲ್ಲಿ ಮಿಸಿಸಿಪಿಯಲ್ಲಿ ಕಪ್ಪುಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಪ್ರಾಣ ಒತ್ತೆ ಇಟ್ಟು ದುಡಿದವರು, 1980ರ ದಶಕದಲ್ಲಿ ಬಡ ಮಕ್ಕಳಿಗೆ ಬೀಜಗಣಿತ ಕಲಿಸುವ ‘ಆಲ್ಜೀಬ್ರಾ ಪ್ರಾಜೆಕ್ಟ್’ ಶುರು ಮಾಡಿದರು. ಮುಂದಿನ ಓದು, ಕೆಲಸ ಎಲ್ಲದರ ಬಾಗಿಲು ಬೀಜಗಣಿತ, ಅದು ಬರದಿದ್ದರೆ ಹೊರಗೇ ಉಳಿಯಬೇಕು, ಹಾಗಾಗಿ ಅದು ನಾಗರಿಕ ಹಕ್ಕಿನ ಪ್ರಶ್ನೆ ಅನ್ನುವುದು ಅವರ ವಾದ. ಹಿರಿಯೂರಿನ ಆ ಹುಡುಗಿಗೂ ಪಿಯುಸಿ ಸೈನ್ಸು, ಡಿಪ್ಲೊಮಾ ಎಲ್ಲ ಇರುವುದು ಆ ಬಾಗಿಲ ಆಚೆಗೇ.

ಹಾಗಾದರೆ ‘ಸಾಧಿಸಿಲ್ಲ’ ಅಂತ ಹಾಕಬೇಕಾ? ಅದರಲ್ಲೂ ಒಂದು ಕ್ರೌರ್ಯ ಇದೆ. ಹನ್ನೆರಡು ವರ್ಷದ ಮಗುವಿನ ಹೆಸರಿನ ಮುಂದೆ ಸೋಲು ಅಂತ ಬರೆದರೆ ಅದು ಮಗುವಿನ ಸೋಲು ಅನ್ನಿಸುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ಕ್ಲಾಸಿನವರೆಗೂ ಫೇಲ್ ಮಾಡಬಾರದು ಅಂದಿದ್ದು ಇದೇ ಕಾರಣಕ್ಕೆ. 2019ರ ತಿದ್ದುಪಡಿ ಬಂದ ಮೇಲೆ ರಾಜ್ಯಗಳು ಐದು ಮತ್ತು ಎಂಟನೇ ಕ್ಲಾಸಲ್ಲಿ ಬೇಕಾದರೆ ಫೇಲ್ ಮಾಡಬಹುದು. ಜಗಳ ಇನ್ನೂ ಮುಗಿದಿಲ್ಲ. ಆದರೆ ಪಾಸೋ ಫೇಲೋ ಅನ್ನುವ ಆ ಜಗಳದಲ್ಲಿ ಮಗುವಿಗೆ ಏನು ಬರುತ್ತೆ, ಏನು ಬರಲ್ಲ ಅನ್ನುವುದೇ ಕಳೆದುಹೋಗುತ್ತೆ. 2022ರ ಅಸರ್ ವರದಿಯ ಪ್ರಕಾರ ಗ್ರಾಮೀಣ ಭಾರತದ ಎಂಟನೇ ತರಗತಿಯ ಮಕ್ಕಳಲ್ಲಿ ಭಾಗಾಕಾರ ಬರುವವರು ಶೇ. 45ರಷ್ಟು. ಉಳಿದವರೂ ಪ್ರತಿ ವರ್ಷ ಕ್ಲಾಸು ದಾಟಿಯೇ ಅಲ್ಲಿಗೆ ಬಂದವರು.

ಋಣ ಸಂಖ್ಯೆಯ ಪಾಠದ ಬಗ್ಗೆ ಅಕ್ಕ ಹೇಳಿದ ಮಾತು ನೆನಪಾಗುತ್ತೆ. -800 + 500 ಅಂತ ಬೋರ್ಡ್ ಮೇಲೆ ಬರೆದರೆ ಅರ್ಧ ಕ್ಲಾಸು -1300 ಅನ್ನುತ್ತೆ. ‘ನಿಮ್ಮಪ್ಪ ಗೊಬ್ಬರದಂಗಡೀಲಿ ಎಂಟುನೂರು ಸಾಲ ಮಾಡಿ ಐನೂರು ಕಟ್ಟಿದ್ರೆ?’ ಅಂದರೆ ಇಡೀ ಕ್ಲಾಸು ‘ಇನ್ನೂ ಮುನ್ನೂರು ಬಾಕಿ’ ಅನ್ನುತ್ತೆ. ಏಳನೇ ಶತಮಾನದಲ್ಲಿ ಬ್ರಹ್ಮಗುಪ್ತ ಧನ, ಋಣ ಅನ್ನುವ ಹೆಸರಲ್ಲೇ ಈ ನಿಯಮಗಳನ್ನು ಹೇಳಿದ್ದ. ಈರುಳ್ಳಿ ಬೆಳೆಯುವ ಮನೆಯ ಮಕ್ಕಳಿಗೆ ಋಣ ಅಂದರೆ ಏನು ಅಂತ ಯಾರೂ ಕಲಿಸಬೇಕಿಲ್ಲ.

ಯೋಚಿಸುತ್ತಾ ಹೋದಂತೆ ನನಗೆ ಅನ್ನಿಸಿದ್ದು, ಆ ಕಾಲಂ ಕೂಡ ಒಂದು ಸಾಲದ ಪುಸ್ತಕವೇ. ಕಲಿಕಾ ಫಲ ಅನ್ನುವುದು ಮಗು ನಮಗೆ ಕೊಟ್ಟ ಮಾತಲ್ಲ, ದೊಡ್ಡವರು ಮಗುವಿಗೆ ಕೊಟ್ಟ ಮಾತು: ಏಳನೇ ಕ್ಲಾಸು ಮುಗಿಯೋದರೊಳಗೆ ನಿನಗೆ ಇಷ್ಟು ಕಲಿಸುತ್ತೇವೆ ಅಂತ. ಬಾಕಿದಾರರು ನಾವು. ಸುಳ್ಳು ಟಿಕ್ ಹಾಕಿದಾಗ ಕರುಣೆ ತೋರಿಸಿದ ಹಾಗೆ ಕಾಣುತ್ತೆ, ಆದರೆ ಮನ್ನಾ ಆಗುವುದು ನಮ್ಮ ಸಾಲ. ಮಗುವಿನ ಬಾಕಿ ಹಾಗೇ ಉಳಿಯುತ್ತೆ, ಒಂಬತ್ತನೇ ಕ್ಲಾಸಲ್ಲಿ ಬಡ್ಡಿ ಸಮೇತ ಎದುರಿಗೆ ಬರುತ್ತೆ. ಹಾಗಂತ ಎಲ್ಲ ಹೊರೆಯನ್ನೂ ಒಬ್ಬ ಮೇಡಂ ತಲೆಗೆ ಕಟ್ಟುವುದೂ ಸುಳ್ಳೇ. ಶಾಲೆಗಳು ಮುಚ್ಚಿದ್ದ ಕೊರೊನಾ ವರ್ಷಗಳು, ನಾಲ್ಕನೇ ಕ್ಲಾಸಲ್ಲಿ ಇಲ್ಲದಿದ್ದ ಮೇಷ್ಟ್ರು, ಈರುಳ್ಳಿ ಕೊಯ್ಲಿಗೆ ತಪ್ಪಿದ ದಿನಗಳು, ಎಲ್ಲಾ ಸೇರಿ ಆದ ಸಾಲ ಅದು.

ಕೊನೆಗೆ ಅಕ್ಕ ಒಂಬತ್ತು ಮಕ್ಕಳಿಗೆ ಮಾತ್ರ ‘ಸಾಧಿಸಿದೆ’ ಅಂತ ಹಾಕಿದಳು. ಉಳಿದ 14 ಮಕ್ಕಳ ಹೆಸರನ್ನು ಬೇರೆ ನೋಟ್‌ಬುಕ್ಕಿಗೆ ಇಳಿಸಿ, ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ ಅಂತ ಒಂದೊಂದು ಸಾಲು ಬರೆದಳು. ಆ ಹುಡುಗಿಯ ಮುಂದೆ ಎರಡು ಸಾಲು: ‘ಕಳೆಯುವಾಗ ದಶಕ ತೆಗೆದುಕೊಳ್ಳುವುದು ಬರುವುದಿಲ್ಲ. ಪ್ರಶ್ನೆ ಕೇಳುವುದು ಬರುತ್ತದೆ.’ ಎರಡನೇ ಸಾಲಿಗೆ ಸರ್ಕಾರದ ಹಾಳೆಯಲ್ಲಿ ಜಾಗ ಇರಲಿಲ್ಲ. ‘ಇಷ್ಟೊಂದು ಸಾಧಿಸಿಲ್ಲ ಯಾಕೆ ಅಂತ ಕೇಳಿದ್ರೆ?’ ಅಂದೆ. ‘ಕೇಳ್ಲಿ. ಕೇಳಿದ್ರೆ ತಾನೇ ನಾನೂ ಒಬ್ಬ ಮೇಷ್ಟ್ರನ್ನ ಕೇಳೋಕಾಗೋದು’ ಅಂದಳು.

ಬಸ್ಸು ಹಿರಿಯೂರು ದಾಟುವಾಗ ಫೋನ್ ತೆಗೆದು ನೋಡಿದೆ. ಆಫೀಸಿನ ಮೂರು ತಿಂಗಳ ಗುರಿಗಳ ಪಟ್ಟಿ ಸೋಮವಾರದೊಳಗೆ ಕಳಿಸಬೇಕಿತ್ತು. ಐದಕ್ಕೆ ಐದೂ ‘ಮುಗಿದಿದೆ’ ಅಂತ ಹಿಂದಿನ ವಾರವೇ ಹಾಕಿಟ್ಟಿದ್ದೆ. ಅದರಲ್ಲೊಂದು, ಹೊಸದಾಗಿ ಸೇರಿದ ಹುಡುಗನಿಗೆ ಕೆಲಸ ಕಲಿಸುವುದು. ಅವನಿಗೆ ಏನು ಬರುತ್ತೆ, ಏನು ಬರಲ್ಲ ಅಂತ ನಾನು ಒಂದು ದಿನವೂ ಕೂತು ನೋಡಿರಲಿಲ್ಲ. ಆ ಟಿಕ್ ತೆಗೆದೆ.